ಪ್ರತುನಾಮ್‌ನಲ್ಲಿ ಮಗಳ ಬಟ್ಟೆ ವ್ಯಾಪಾರ

ಹನ್ನೊಂದು ತುಂಬಿ ಹನ್ನೆರಡಕ್ಕೆ ಕಾಲಿಟ್ಟ ಹೆಣ್ಣುಮಕ್ಕಳಿಗೆ ಸಿದ್ಧ ಉಡುಪು ಕೊಳ್ಳುವುದು ಎಷ್ಟು ತ್ರಾಸದ ಕೆಲಸವೆಂಬುದು ಆ ವಯಸ್ಸಿನ ಮಕ್ಕಳಿರುವ ಮನೆಯವರಿಗೆಲ್ಲ ಗೊತ್ತು. ಮಕ್ಕಳ ವಿಭಾಗಕ್ಕೆ ಹೋದರೆ ಎದೆಯ ಮೇಲೆ ಬೆಕ್ಕಿನ ಮರಿಯೋ ಕಾಮನಬಿಲ್ಲೋ ಅಚ್ಚಾಗಿರುತ್ತದೆ. ಹೆಂಗಸರ ವಿಭಾಗಕ್ಕೆ ಹೋದರೆ ಅತಿ ಚಿಕ್ಕ ಅಳತೆಯೂ ಭುಜದಿಂದ ಜಾರುತ್ತದೆ. ನನ್ನ ಮಗಳ ವಿಷಯದಲ್ಲಿ ಇದಕ್ಕೆ ಇನ್ನೊಂದು ಸಂಗತಿ ಸೇರುತ್ತದೆ: ಅವಳಿಗೆ ಬಟ್ಟೆಯೆಂದರೆ ಪ್ರಾಣ. ಮದುವೆಮನೆಯಲ್ಲಿ ಅವಳ ಕಣ್ಣು ಮೊದಲು ಹೋಗುವುದು ಯಾರ ರವಿಕೆಯ ತೋಳು ಹೇಗೆ ಹೊಲಿದಿದೆ ಎಂಬುದರ ಕಡೆಗೆ. ಶಾಲೆಯ ಹಳೆಯ ನೋಟುಪುಸ್ತಕಗಳ ಖಾಲಿ ಹಾಳೆಗಳ ತುಂಬ ಲಂಗ, ಜಾಕೆಟ್ಟು, ಕಾಲರುಗಳ ಚಿತ್ರಗಳು. ಇದನ್ನು ಶೋಕಿ ಎಂದು ಕರೆಯುವ ಬಂಧುಗಳಿದ್ದಾರೆ. ನಾನು ಆ ಮಾತನ್ನು ಒಪ್ಪುವುದಿಲ್ಲ. ರಾಗ ಹಿಡಿಯುವ ಕಿವಿಯಿರುವ ಮಗುವನ್ನು ಸಂಗೀತಪಾಠಕ್ಕೆ ಕಳುಹಿಸುವಷ್ಟೇ ಸಹಜವಾಗಿ, ಬಟ್ಟೆಯನ್ನು ನೋಡಬಲ್ಲ ಕಣ್ಣಿರುವ ಮಗುವಿಗೂ ಕಲಿಯುವ ಅವಕಾಶ ಸಿಗಬೇಕು ಎಂಬುದು ನನ್ನ ನಂಬಿಕೆ. ಆ ಕಲಿಕೆಗೆ ದುಬಾರಿ ಮಳಿಗೆಗಳಿಗಿಂತ ಅಗ್ಗದ ಮಾರುಕಟ್ಟೆಯೇ ಒಳ್ಳೆಯ ಜಾಗ, ಏಕೆಂದರೆ ಅಲ್ಲಿ ಬ್ರಾಂಡಿನ ಹೆಸರನ್ನು ನಂಬಿ ಕೊಳ್ಳುವಂತಿಲ್ಲ. ಬಟ್ಟೆಯನ್ನು ನಾವೇ ಮುಟ್ಟಿ, ತಿರುವಿ, ಎಳೆದು ನೋಡಬೇಕಾಗುತ್ತದೆ.

ದಸರಾ ರಜೆಯಲ್ಲಿ ಬ್ಯಾಂಕಾಕ್‌ಗೆ ಹೋಗುವುದೆಂದು ನಿಶ್ಚಯವಾದಾಗ ಈ ಕಾರಣಕ್ಕಾಗಿಯೇ ಬಟ್ಟೆಯ ಖರ್ಚನ್ನು ಪೂರ್ತಿಯಾಗಿ ಅವಳ ಕೈಗೆ ಒಪ್ಪಿಸಲು ತೀರ್ಮಾನಿಸಿದೆವು. ಮೂರು ಸಾವಿರ ಬಾತ್, ನಗದಾಗಿ, ಅವಳದೇ ಪುಟ್ಟ ಪರ್ಸಿನಲ್ಲಿ. ಆಗ ಒಂದು ಬಾತ್‌ಗೆ ಎರಡೂವರೆ ರೂಪಾಯಿಯ ಆಸುಪಾಸು ಎಂದು ಹಿಡಿದರೆ ಸುಮಾರು ಏಳೂವರೆ ಸಾವಿರ ರೂಪಾಯಿ. ಬೆಂಗಳೂರಿನ ಮಾಲ್‌ಗಳಲ್ಲಿ ಈ ಹಣಕ್ಕೆ ಎಷ್ಟು ಬಟ್ಟೆ ಬರುತ್ತದೆಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಶರತ್ತುಗಳು ಎರಡೇ: ಕೊಂಡ ಬಟ್ಟೆ ಮನೆಯ ವಾಷಿಂಗ್ ಮಷೀನಿನಲ್ಲಿ ಒಗೆಯುವಂಥದ್ದಾಗಿರಬೇಕು, ಮತ್ತು ಅದರಲ್ಲಿ ಒಂದು ಜೊತೆಯಾದರೂ ದೇವಸ್ಥಾನಕ್ಕೆ ಹೋಗಲು ಒಪ್ಪುವಂತಿರಬೇಕು. ಒಳಗೆ ಬುದ್ಧನ ಗುಡಿಯೂ ಇರುವ ಬ್ಯಾಂಕಾಕ್‌ನ ಅರಮನೆ ಗ್ರ್ಯಾಂಡ್ ಪ್ಯಾಲೇಸ್‌ನಲ್ಲಿ ಭುಜ ಮತ್ತು ಮಂಡಿ ಮುಚ್ಚದಿದ್ದರೆ ಬಾಗಿಲಲ್ಲೇ ತಡೆಯುತ್ತಾರಾದ್ದರಿಂದ ಎರಡನೆಯ ಶರತ್ತಿಗೆ ಅವಳೂ ತಕರಾರು ತೆಗೆಯಲಿಲ್ಲ.

ಅಗ್ಗದ ಸಿದ್ಧ ಉಡುಪಿಗೆ ಬ್ಯಾಂಕಾಕ್‌ನಲ್ಲಿ ಹೆಸರಾದ ಬಡಾವಣೆ ಪ್ರತುನಾಮ್. ಸುವರ್ಣಭೂಮಿ ವಿಮಾನ ನಿಲ್ದಾಣದಿಂದ ಬರುವ ರೈಲು ಮಾರ್ಗದ ರಾಚ್‌ಪ್ರಾರೋಪ್ ನಿಲ್ದಾಣದಲ್ಲಿ ಇಳಿದರೆ ನಡೆದೇ ತಲುಪಬಹುದು. ಸೇನ್ ಸೇಪ್ ಕಾಲುವೆಯ ದೋಣಿಗಳೂ ಇಲ್ಲಿ ನಿಲ್ಲುತ್ತವೆ, ಇಪ್ಪತ್ತು ಬಾತ್ ಆಚೀಚೆ ಕೊಟ್ಟರೆ ಟ್ರಾಫಿಕ್ಕಿನ ಗೊಡವೆಯಿಲ್ಲದೆ ಬಂದಿಳಿಯಬಹುದು. ಬೈಯೋಕ್ ಗೋಪುರದ ಬುಡದ ಗಲ್ಲಿಗಳಲ್ಲಿ ನಮ್ಮ ಚಿಕ್ಕಪೇಟೆಯಷ್ಟೇ ಒತ್ತೊತ್ತಾದ ಸಗಟು ಅಂಗಡಿಗಳಿವೆ. ಫೆಚ್‌ಬುರಿ ರಸ್ತೆಯ ಮೇಲಿರುವ ಪ್ಲಾಟಿನಂ ಫ್ಯಾಷನ್ ಮಾಲ್ ಅದೇ ವ್ಯಾಪಾರಕ್ಕೆ ಹವಾನಿಯಂತ್ರಣ ಮತ್ತು ಎಸ್ಕಲೇಟರ್ ಒದಗಿಸಿದ ಕಟ್ಟಡ. 2005ರಲ್ಲಿ ತೆರೆದ ಈ ಮಾಲ್‌ನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪುಟ್ಟ ಅಂಗಡಿಗಳಿದ್ದು, ಥಾಯ್ಲೆಂಡಿನ ಊರೂರುಗಳಿಂದ ಬಂದ ಅಂಗಡಿಕಾರರು ದೊಡ್ಡ ದೊಡ್ಡ ಚೀಲಗಳಲ್ಲಿ ಸರಕು ತುಂಬಿಕೊಂಡು ಹೋಗುವುದನ್ನು ಇಲ್ಲಿ ದಿನವಿಡೀ ನೋಡಬಹುದು.

ಇಲ್ಲಿಯ ಬೆಲೆಯ ಪದ್ಧತಿ ಮಗಳಿಗೆ ಬಹಳ ಹಿಡಿಸಿತು. ಅನೇಕ ಅಂಗಡಿಗಳಲ್ಲಿ ಒಂದೇ ಉಡುಪಿಗೆ ಎರಡು ಬೆಲೆ ಬರೆದು ತೂಗುಹಾಕಿರುತ್ತಾರೆ: ಒಂದನ್ನೇ ಕೊಂಡರೆ ಒಂದು ದರ, ಮೂರು ಕೊಂಡರೆ ಪ್ರತಿಯೊಂದಕ್ಕೂ ಅದಕ್ಕಿಂತ ಕಡಿಮೆ ದರ. ಹಲವು ಕಡೆ ಆ ಮೂರೂ ಒಂದೇ ಬಗೆಯವಾಗಬೇಕೆಂದೂ ಇಲ್ಲ. ಸಾಧಾರಣ ಟಾಪುಗಳು 150ರಿಂದ 300 ಬಾತ್‌ನೊಳಗೆ ಸಿಗುವ ಕಡೆ ಒಂದೊಂದರ ಮೇಲೆ ನಲವತ್ತೋ ಐವತ್ತೋ ಬಾತ್ ಉಳಿದರೂ ಚಿಕ್ಕ ಪರ್ಸಿಗೆ ಅದು ದೊಡ್ಡ ಉಳಿತಾಯ. ಆದರೆ ಮೂರನೆಯದು ನಿಜವಾಗಿಯೂ ಬೇಕೇ ಎಂಬ ಪ್ರಶ್ನೆ ಅಲ್ಲೇ ಎದುರಾಗುತ್ತದೆ. ಒಂದು ಅಂಗಡಿಯಲ್ಲಿ ಅವಳಿಗೆ ಎರಡು ಅಂಗಿ ಮೆಚ್ಚಿಗೆಯಾದವು, ಮೂರನೆಯದು ಆಗಲಿಲ್ಲ. ಬೆರಳಿನಲ್ಲಿ ಲೆಕ್ಕ ಹಾಕಿ, ಸ್ವಲ್ಪ ಹೊತ್ತು ನಿಂತು ಯೋಚಿಸಿ, ಮೂರನೆಯದನ್ನು ನನ್ನ ಅಳತೆಗೆ ಆರಿಸಿ, ಅದರ ಹಣವನ್ನು ನನ್ನಿಂದ ವಸೂಲು ಮಾಡಿದಳು. ಆ ಅಂಗಿ ಈಗಲೂ ನನ್ನ ನೆಚ್ಚಿನದು.

ಅಳತೆಯ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಈ ವಯಸ್ಸಿನ ಮಕ್ಕಳಿಗೆ ಬ್ಯಾಂಕಾಕ್ ಒದಗಿಬರುವುದೇ ಇಲ್ಲಿ. ಪ್ರತುನಾಮ್‌ನ ಹೆಚ್ಚಿನ ಹೆಂಗಸರ ಉಡುಪುಗಳು ಫ್ರೀ ಸೈಜ್‌ನವು, ಅಂದರೆ ಒಂದೇ ಅಳತೆಯಲ್ಲಿ ಹೊಲಿದವು, ಮತ್ತು ಆ ಒಂದು ಅಳತೆ ಸಣ್ಣ ಮೈಕಟ್ಟಿಗೆ ಹೊಂದುವಂಥದ್ದು. ನಮ್ಮಲ್ಲಿ ಮೀಡಿಯಂ, ಲಾರ್ಜ್ ತೊಡುವವರಿಗೆ ನಿರಾಶೆ ತರುವ ಈ ಪದ್ಧತಿಯೇ ಹನ್ನೊಂದು, ಹನ್ನೆರಡರ ಎತ್ತರದ ಹುಡುಗಿಗೆ ವರವಾಗುತ್ತದೆ. ಬೆಕ್ಕಿನ ಚಿತ್ರವಿಲ್ಲದ, ದೊಡ್ಡವರ ಕಟ್ಟಿನ, ಆದರೆ ಭುಜದಲ್ಲಿ ಸರಿಯಾಗಿ ಕೂರುವ ಬಟ್ಟೆ ಅವಳಿಗೆ ಮೊದಲ ಬಾರಿಗೆ ಹೇರಳವಾಗಿ ಕಂಡದ್ದು ಇಲ್ಲಿಯೇ. ತೊಡಕೆಂದರೆ, ಹೆಚ್ಚಿನ ಪುಟ್ಟ ಅಂಗಡಿಗಳಲ್ಲಿ ತೊಟ್ಟು ನೋಡುವ ಕೋಣೆ ಇರುವುದಿಲ್ಲ, ತೊಟ್ಟು ನೋಡಲು ಬಿಡುವುದೂ ಇಲ್ಲ. ಆದ್ದರಿಂದ ಹೊರಡುವ ಮುನ್ನವೇ ಮನೆಯಲ್ಲಿ ಅವಳಿಗೆ ಚೆನ್ನಾಗಿ ಒಪ್ಪುವ ಒಂದು ಟಾಪು ಮತ್ತು ಒಂದು ಪ್ಯಾಂಟನ್ನು ಮಂಚದ ಮೇಲೆ ಹರಡಿ, ಕಂಕುಳಿಂದ ಕಂಕುಳಿಗೆ, ಭುಜದಿಂದ ಭುಜಕ್ಕೆ, ಸೊಂಟದ ಪಟ್ಟಿಯ ಅಗಲ, ಒಟ್ಟು ಉದ್ದ ಎಂದು ಇಂಚುಗಳಲ್ಲಿ ಬರೆದುಕೊಂಡಿದ್ದೆವು. ಮೈಯನ್ನು ಅಳೆದು ಉಡುಪಿನೊಂದಿಗೆ ಹೋಲಿಸುವುದಕ್ಕಿಂತ ಉಡುಪನ್ನು ಉಡುಪಿನೊಂದಿಗೆ ಹೋಲಿಸುವುದು ಹೆಚ್ಚು ನಂಬಬಹುದಾದ ಕ್ರಮ. ಹೊಲಿಗೆಯ ಟೇಪು ಅವಳ ಕೊರಳಲ್ಲೇ ಇರುತ್ತಿತ್ತು. ಟೇಪು ಕಂಡ ಅಂಗಡಿಯ ಹೆಂಗಸರು ಅವಳ ಬಗ್ಗೆ ವಿಶೇಷ ಅಕ್ಕರೆ ತೋರಿಸುತ್ತಿದ್ದರು. ಕೆಲವರು ತಾವೇ ಬಂದು ಬಟ್ಟೆಯ ಇನ್ನೊಂದು ತುದಿ ಹಿಡಿಯುತ್ತಿದ್ದರು.

ಒಂದು ನೆರಿಗೆ ಲಂಗದ ಪ್ರಸಂಗ ನನಗೆ ಬಹಳ ಮುಖ್ಯವೆನಿಸಿತು. ಬೂದು ಬೆರೆತ ಹಸಿರು ಬಣ್ಣ, ಕತ್ತಿಯಂಚಿನಂತಹ ಸಣ್ಣ ಸಣ್ಣ ನೆರಿಗೆಗಳು, ಸೊಂಟಕ್ಕೆ ಎಲಾಸ್ಟಿಕ್, 250 ಬಾತ್. ಅವಳಿಗೆ ಹತ್ತಿಯ ಬಟ್ಟೆಯೇ ಬೇಕೆಂಬ ಹಟವಿತ್ತು. ಆದರೆ ಅಂಗಡಿಯಿಂದ ಅಂಗಡಿಗೆ ಹೋದರೂ ಇಂಥ ನೆರಿಗೆಯ ಲಂಗಗಳೆಲ್ಲ ಪಾಲಿಯೆಸ್ಟರ್‌ನವೇ ಆಗಿದ್ದವು. ಏಕೆಂದು ಅವಳು ಕೇಳಿದಾಗ ಎಸ್ಕಲೇಟರ್ ಪಕ್ಕದಲ್ಲಿ ಕುಳಿತು ವಿವರಿಸಿದೆ: ಪಾಲಿಯೆಸ್ಟರ್ ಶಾಖಕ್ಕೆ ಮೆದುವಾಗಿ ತಣಿದಾಗ ಅದೇ ಆಕಾರದಲ್ಲಿ ನಿಲ್ಲುವ ನೂಲು, ಹಾಗಾಗಿ ಬಿಸಿಯಲ್ಲಿ ಒತ್ತಿದ ನೆರಿಗೆ ಒಗೆತದ ನಂತರವೂ ಉಳಿಯುತ್ತದೆ, ಹತ್ತಿಗೆ ಮತ್ತು ರೇಯಾನ್‌ಗೆ ಆ ಗುಣವಿಲ್ಲದ್ದರಿಂದ ಒಮ್ಮೆ ನೀರಿಗೆ ಬಿದ್ದರೆ ನೆರಿಗೆ ಬಿಚ್ಚಿಕೊಳ್ಳುತ್ತದೆ. ಅವಳು ಲಂಗವನ್ನು ಒಳಮೈ ಹೊರಗೆ ತಿರುವಿದಳು. ಪಕ್ಕದ ಹೊಲಿಗೆಗೆ ಓವರ್‌ಲಾಕ್ ಪೂರ್ತಿ ಆಗಿದೆಯೇ, ದಾರದ ಎಳೆಗಳು ಜೋತಾಡುತ್ತಿವೆಯೇ, ಎಲಾಸ್ಟಿಕ್ ಎಳೆದು ಬಿಟ್ಟರೆ ಮೊದಲಿನ ಅಳತೆಗೆ ಬರುತ್ತದೆಯೇ, ಬೆಳಕಿಗೆ ಹಿಡಿದರೆ ಕಾಲು ಕಾಣುತ್ತದೆಯೇ ಎಂದು ಒಂದೊಂದಾಗಿ ನೋಡಿ, ಒಳಗೆ ಅಸ್ತರಿ ಇದ್ದ ಇನ್ನೊಂದು ಅಂಗಡಿಯ ಲಂಗವನ್ನು ಮೂವತ್ತು ಬಾತ್ ಹೆಚ್ಚು ಕೊಟ್ಟು ಆರಿಸಿದಳು. ಮೂವತ್ತು ಬಾತ್ ಏಕೆ ಹೆಚ್ಚು ಕೊಟ್ಟೆ ಎಂದು ಅವಳ ಅಪ್ಪ ಕೇಳಿದಾಗ ಅವಳು ಕೊಟ್ಟ ವಿವರಣೆ ಯಾವ ದರ್ಜಿಯೂ ತಲೆದೂಗುವಂತಿತ್ತು.

ಚೌಕಾಸಿಯ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಪ್ಲಾಟಿನಂನಲ್ಲಿ ಬೆಲೆ ಬಹುಮಟ್ಟಿಗೆ ನಿಗದಿಯಾದದ್ದು. ಬೀದಿಯ ಅಂಗಡಿಗಳಲ್ಲಿ ನಗುನಗುತ್ತ ಒಂದು ಸಲ ಕೇಳಬಹುದು, ಅವರು ಕ್ಯಾಲ್ಕ್ಯುಲೇಟರ್‌ನಲ್ಲಿ ಒಂದು ಅಂಕಿ ಒತ್ತಿ ತೋರಿಸುತ್ತಾರೆ, ಬೇಡವಾದರೆ ಕೈಮುಗಿದು ಮುಂದೆ ಹೋಗಬಹುದು. ದನಿ ಎತ್ತುವುದನ್ನು ಅಲ್ಲಿಯ ಜನ ಇಷ್ಟಪಡುವುದಿಲ್ಲ. ಹೆಸರಾಂತ ಬ್ರಾಂಡುಗಳ ನಕಲು ಟೀ ಶರ್ಟುಗಳು ಗಲ್ಲಿಗಳಲ್ಲಿ ರಾಶಿ ರಾಶಿ ಕಾಣುತ್ತವೆ. ಅವನ್ನು ಕೊಳ್ಳಬಾರದೆಂಬುದು ನಮ್ಮ ಮನೆಯ ನಿಲುವು. ಮತ್ತೊಬ್ಬರ ಚಿತ್ರವನ್ನು ತನ್ನದೆಂದು ಹೇಳಿಕೊಂಡರೆ ಹೇಗಿರುತ್ತದೆಂಬುದು ಚಿತ್ರ ಬರೆಯುವ ಹುಡುಗಿಗೆ ಬೇಗನೆ ಅರ್ಥವಾಗುತ್ತದೆ.

ವಾರಾಂತ್ಯಕ್ಕೆ ಚತುಚಕ್ ಸಂತೆ. ಇಪ್ಪತ್ತೇಳು ವಿಭಾಗಗಳಾಗಿ ಹರಡಿಕೊಂಡಿರುವ ಈ ಸಂತೆಯಲ್ಲಿ ಎಲ್ಲವೂ ಸಿಗುತ್ತದೆ. ನಾವು ಹುಡುಕಿ ಹೋದದ್ದು 5 ಮತ್ತು 6ನೇ ವಿಭಾಗಗಳ ಸುತ್ತಲಿನ ಹಳೆಬಟ್ಟೆಯ ಸಾಲುಗಳನ್ನು. ಕಾಂಫೇಂಗ್ ಫೆಟ್ ಮೆಟ್ರೋ ನಿಲ್ದಾಣದಿಂದ ಮೇಲೆ ಬಂದರೆ ಸಂತೆಯ ಮಗ್ಗುಲಿಗೇ ಬರುತ್ತೇವೆ, ನಡುವಿನ ಗಡಿಯಾರ ಗೋಪುರವನ್ನು ಗುರುತಿಟ್ಟುಕೊಂಡರೆ ದಾರಿ ತಪ್ಪುವುದಿಲ್ಲ. ತಗಡಿನ ಮಾಡಿನ ಕೆಳಗೆ ಹನ್ನೊಂದು ಗಂಟೆಯ ಮೇಲೆ ಸೆಕೆ ತಡೆಯಲಾಗದಾದ್ದರಿಂದ ಬೆಳಗ್ಗೆಯೇ ಹೋಗುವುದು ಲೇಸು. ಬಳಸಿದ ಬಟ್ಟೆಯ ಬಗ್ಗೆ ನಮ್ಮ ಮನೆಗಳಲ್ಲಿ ಮಡಿ ಮೈಲಿಗೆಯ ಹಿಂಜರಿಕೆ ಇನ್ನೂ ಇದೆ. ಅಕ್ಕನ ಫ್ರಾಕನ್ನು ತಂಗಿಗೆ ತೊಡಿಸಿ ಬೆಳೆಸಿದ ಸಮಾಜಕ್ಕೆ ಆ ಹಿಂಜರಿಕೆ ಶೋಭಿಸುವುದಿಲ್ಲವೆಂದು ನನಗೆ ಅನ್ನಿಸುತ್ತದೆ. ಮಗಳು ಅಲ್ಲಿ ಡೆನಿಮ್ ಜಾಕೆಟ್ಟುಗಳ ರಾಶಿಯೊಳಗೆ ಮೊಣಕೈವರೆಗೆ ಕೈಹಾಕಿ, ಲೋಹದ ಗುಂಡಿಗಳೆಲ್ಲ ಗಟ್ಟಿಯಾಗಿದ್ದ, ಮೊಣಕೈ ಸವೆಯದ ಒಂದನ್ನು ಹೊರಗೆಳೆದಳು. ತೋಳು ಎರಡು ಇಂಚು ಉದ್ದವಿತ್ತು. ಮಡಿಚಿಕೊಂಡರೆ ಈಗ ಆಗುತ್ತದೆ, ಬಿಚ್ಚಿದರೆ ಹೈಸ್ಕೂಲಿಗೂ ಆಗುತ್ತದೆ ಎಂಬುದು ಅವಳ ವಾದ. ಬೆಳೆಯುವ ಮಕ್ಕಳ ಬಟ್ಟೆಯಲ್ಲಿ ಅಗ್ಗವೆಂದರೆ ಕೊಟ್ಟ ಬೆಲೆಯಷ್ಟೇ ಅಲ್ಲ, ಎಷ್ಟು ತಿಂಗಳು ತೊಟ್ಟರೆಂಬುದೂ ಲೆಕ್ಕಕ್ಕೆ ಬರಬೇಕು.

ಗ್ರ್ಯಾಂಡ್ ಪ್ಯಾಲೇಸ್ ಆವರಣದಲ್ಲಿರುವ ರಾಣಿ ಸಿರಿಕಿತ್ ಜವಳಿ ವಸ್ತುಸಂಗ್ರಹಾಲಯವನ್ನು ಪ್ರವಾಸಿಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಬಟ್ಟೆಯ ಹುಚ್ಚಿರುವ ಮಕ್ಕಳನ್ನು ಕರೆದುಕೊಂಡು ಹೋದವರು ಬಿಡಬಾರದು. 1960ರಲ್ಲಿ ಯುರೋಪು ಮತ್ತು ಅಮೆರಿಕಕ್ಕೆ ಹೊರಟ ರಾಣಿಗೆ ಥಾಯ್ ಹೆಂಗಸರ ಉಡುಪೆಂದು ನಿಶ್ಚಿತವಾಗಿ ತೋರಿಸಬಹುದಾದದ್ದು ಯಾವುದೂ ಇರಲಿಲ್ಲ. ಹಳೆಯ ಉಡುಗೆಗಳನ್ನು ಅಧ್ಯಯನ ಮಾಡಿಸಿ ಹೊಸ ರೂಪಗಳನ್ನು ಸಿದ್ಧಪಡಿಸಲಾಯಿತು, ಪಾಶ್ಚಾತ್ಯ ಉಡುಪುಗಳನ್ನು ಪ್ಯಾರಿಸಿನ ವಸ್ತ್ರವಿನ್ಯಾಸಕ ಪಿಯೆರ್ ಬಾಲ್ಮಾ ಹೊಲಿದುಕೊಟ್ಟರು, ಅವುಗಳಲ್ಲೂ ಥಾಯ್ ರೇಷ್ಮೆ ಜಾಗ ಪಡೆಯಿತು. ಒಂದು ದೇಶದ ಉಡುಪನ್ನೂ ಯಾರೋ ಕುಳಿತು ಯೋಚಿಸಿ ರೂಪಿಸಿರುತ್ತಾರೆ ಎಂಬ ಸಂಗತಿ ಅವಳನ್ನು ಬಹಳ ಹೊತ್ತು ಅಲ್ಲಿ ಹಿಡಿದು ನಿಲ್ಲಿಸಿತು. ಥಾಯ್ ಸಂಪ್ರದಾಯದಲ್ಲಿ ವಾರದ ಪ್ರತಿ ದಿನಕ್ಕೂ ಒಂದು ಬಣ್ಣವಿದೆ, ಸೋಮವಾರಕ್ಕೆ ಹಳದಿ, ಮಂಗಳವಾರಕ್ಕೆ ಗುಲಾಬಿ, ಬುಧವಾರಕ್ಕೆ ಹಸಿರು. ನವರಾತ್ರಿಯ ಒಂಬತ್ತು ದಿನಕ್ಕೆ ಒಂಬತ್ತು ಬಣ್ಣ ಉಡುವವರನ್ನು ನೋಡಿ ಬೆಳೆದವಳಿಗೆ ಇದು ಹೊಸದೆನಿಸಲಿಲ್ಲ. ಉಳಿದ ದಿನಗಳಲ್ಲಿ ಮೆಟ್ರೋದಲ್ಲಿ ಯಾರು ಯಾವ ಬಣ್ಣ ತೊಟ್ಟಿದ್ದಾರೆಂದು ಗಮನಿಸುತ್ತಲೇ ಇದ್ದಳು.

ವಿದೇಶಿ ಪ್ರವಾಸಿಗಳ ಖರೀದಿಗೆ ಸಿಗುವ ತೆರಿಗೆ ವಾಪಸಾತಿಯನ್ನು ನಂಬಿ ಲೆಕ್ಕ ಹಾಕಬೇಡಿ. ಒಂದೇ ಮಳಿಗೆಯಲ್ಲಿ ಒಂದೇ ದಿನ ಕನಿಷ್ಠ 2,000 ಬಾತ್ ಖರೀದಿಸಿದ್ದರೆ ಮಾತ್ರ ಆ ಸೌಲಭ್ಯ, ಅದೂ ನೋಂದಾಯಿತ ಮಳಿಗೆಗಳಲ್ಲಿ. ಸಗಟು ಗಲ್ಲಿಗಳ ಪುಟ್ಟ ಅಂಗಡಿಗಳಿಗೆ ಅದು ಅನ್ವಯಿಸುವುದಿಲ್ಲ.

ಕೊನೆಗೆ ಅವಳ ಪರ್ಸಿನಲ್ಲಿ ಆರುನೂರು ಬಾತ್‌ಗಿಂತ ಸ್ವಲ್ಪ ಹೆಚ್ಚು ಉಳಿಯಿತು. ಅದನ್ನು ಫ್ಯಾಷನ್ ಅಂಗಡಿಗಳ ಪೇಟೆಯಾದ ಸಿಯಾಂ ಸ್ಕ್ವೇರ್‌ನಲ್ಲಿ ಖರ್ಚು ಮಾಡುತ್ತಾಳೆಂದು ನಾವು ಎಣಿಸಿದ್ದೆವು. ಅವಳು ಮಾತ್ರ ಫಾಹುರಾತ್‌ಗೆ ಹೋಗಬೇಕೆಂದಳು. ಸಾಮ್ ಯೋತ್ ಮೆಟ್ರೋ ನಿಲ್ದಾಣದ ಹತ್ತಿರದ ಈ ಬೀದಿ ಬ್ಯಾಂಕಾಕ್‌ನ ಭಾರತೀಯರ ಜವಳಿ ಪೇಟೆ. ಇಲ್ಲಿ ಗುರುದ್ವಾರದ ಚಿನ್ನದ ಬಣ್ಣದ ಗುಮ್ಮಟದ ಸುತ್ತ ಸಿಖ್ ವ್ಯಾಪಾರಿಗಳ ತಾನುಬಟ್ಟೆಯ ಅಂಗಡಿಗಳಿವೆ, ಅಲ್ಲಿಂದ ಚೈನಾಟೌನ್ ಕಡೆಗೆ ನಡೆದರೆ ಸಂಪೆಂಗ್ ಗಲ್ಲಿಯಲ್ಲಿ ಗುಂಡಿ, ಲೇಸು, ರಿಬ್ಬನ್ನುಗಳು ಸಗಟು ದರದಲ್ಲಿ ಸಿಗುತ್ತವೆ. ಬಟ್ಟೆಯನ್ನು ಇಲ್ಲಿ ಗಜದ ಲೆಕ್ಕದಲ್ಲಿ ಅಳೆಯುತ್ತಾರೆ. ಗಜವೆಂದರೆ ಮೀಟರಿಗಿಂತ ಎಂಟೂವರೆ ಸೆಂಟಿಮೀಟರ್ ಕಡಿಮೆ. ನಮ್ಮ ದರ್ಜಿ ಕೇಳುವುದು ಮೀಟರಿನಲ್ಲಿ. ಅವಳು ಕಾಗದದ ಮೇಲೆ ಲೆಕ್ಕ ಮಾಡಿ, ಅರ್ಧ ಗಜ ಹೆಚ್ಚಾಗಿಯೇ ಕತ್ತರಿಸಿಕೊಂಡು, ಸಂಪೆಂಗ್‌ನಲ್ಲಿ ಚಿಪ್ಪಿನ ಬಣ್ಣದ ಗುಂಡಿಗಳ ಒಂದು ಪೊಟ್ಟಣವನ್ನೂ ಕೊಂಡಳು. ಊರಿಗೆ ಬಂದ ಮೇಲೆ ಅವಳೇ ಬರೆದ ಚಿತ್ರವನ್ನು ಹಿಡಿದು ಮಲ್ಲೇಶ್ವರದ ನಮ್ಮ ದರ್ಜಿಯ ಬಳಿಗೆ ಹೋದೆವು. ಅವರು ಚಿತ್ರವನ್ನು ಗಂಭೀರವಾಗಿ ನೋಡಿ, ಕಾಲರಿನ ಅಗಲ ಎಷ್ಟಿರಬೇಕೆಂದು ನನ್ನನ್ನಲ್ಲ, ಅವಳನ್ನೇ ಕೇಳಿದರು. ಆ ಅರ್ಧ ಗಜವನ್ನು ಅಂಚಿನೊಳಗೆ ಮಡಿಚಿಟ್ಟು ಹೊಲಿದಿದ್ದಾರೆ, ಮುಂದಿನ ವರ್ಷ ಬಿಚ್ಚಿಕೊಳ್ಳಬಹುದು.