ಆರು ಹಳೆಯ ಪಾರ್ ದೀಪಗಳು

ಗದಗ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರ ಕಾಲೇಜು ಮೈದಾನದಲ್ಲಿ, ಒಂದೇ ಸಂಜೆ ಒಂದೇ ವೇದಿಕೆಯ ಮೇಲೆ ಮೊದಲು ಸುಗಮ ಸಂಗೀತ, ಅನಂತರ ನಾಟಕ ಏರ್ಪಾಡಾಗಿತ್ತು. ಎರಡಕ್ಕೂ ಬೆಳಕಿನ ಹೊಣೆ ನನ್ನದು. ಬಾಡಿಗೆಗೆ ಬಂದ ಸಾಮಗ್ರಿಯನ್ನು ಬೆಳಿಗ್ಗೆ ಇಳಿಸಿಕೊಂಡಾಗ ಅದೆಲ್ಲವೂ ಸಂಗೀತವನ್ನಷ್ಟೇ ನೆನೆದು ಆರಿಸಿದ್ದೆಂಬುದು ಗೊತ್ತಾಯಿತು: ಕೆಂಪು, ಹಸಿರು, ನೀಲಿ ಬೆರೆಸಿ ಬಣ್ಣ ಕೊಡುವ ಎಲ್‌ಇಡಿ ಪಾರ್‌ಗಳು, ಚೂಪಾದ ಕಿರಣ ಬೀರುತ್ತ ತಿರುಗುವ ಕೆಲವು ಶಾರ್ಪಿ ದೀಪಗಳು, ಒಂದು ಹೊಗೆಯಂತ್ರ. ಸಂಗೀತಕ್ಕೆ ಇಷ್ಟು ಧಾರಾಳ. ಭಾವಗೀತೆ ಹಾಡುವವರಿಗೆ ನಿಜವಾಗಿ ಬೇಕಾದದ್ದು ಎದುರಿನ ಹಾಡಿನ ಪುಸ್ತಕದ ಮೇಲೆ ಅಲುಗಾಡದ ಬೆಳಕು. ಉಳಿದ ಬಣ್ಣವೆಲ್ಲ ಸಂಘಟಕರ ಸಂತೋಷಕ್ಕೆ.

ನಾಟಕದ ಕಷ್ಟ ಬೇರೆ. ಅದರ ಕೊನೆಯ ದೃಶ್ಯದಲ್ಲಿ ಇಳಕಲ್ ಸೀರೆಯುಟ್ಟ ಮುದುಕಿಯೊಬ್ಬಳು ಕಂದೀಲಿನ ಮುಂದೆ ಕುಳಿತು ಮಾತನಾಡುತ್ತಿರುವಂತೆಯೇ ಎಣ್ಣೆ ತೀರುತ್ತ ಬರುತ್ತದೆ. ತಂತಿ ಕಾಯ್ದು ಬೆಳಗುವ ಹಳೆಯ ಹ್ಯಾಲೊಜನ್ ದೀಪ ಪೂರ್ಣ ಉರಿಯುವಾಗ ಅದರ ಬೆಳಕಿನ ಬಣ್ಣ ಸುಮಾರು 3200 ಕೆಲ್ವಿನ್; ಈ ಅಂಕಿ ಇಳಿದಷ್ಟೂ ಬೆಳಕು ಕೆಂಪಿಗೆ ತಿರುಗುತ್ತದೆ. ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಡಿಮ್ಮರ್ ಇಳಿಸಿದಂತೆ ತಂತಿ ತಣಿದು, ಬಿಳುಪು ಹಳದಿಯಾಗಿ, ಹಳದಿ ಕೆಂಡದ ಬಣ್ಣವಾಗಿ, ಸುಮಾರು 1900 ಕೆಲ್ವಿನ್‌ನ ಮೇಣದ ಬತ್ತಿಯ ಕಡೆಗೆ ತಾನಾಗಿ ಸರಿಯುತ್ತದೆ. ಎಲ್‌ಇಡಿ ಮಂಕಾಗುತ್ತದೆಯೇ ಹೊರತು ಬಣ್ಣ ಬದಲಿಸುವುದಿಲ್ಲ. ಬಣ್ಣವನ್ನು ದೀಪಗಳ ನಿಯಂತ್ರಣ ಬೋರ್ಡಿನಿಂದ ಬದಲಿಸಲು ಹೊರಟರೂ, ಬೋರ್ಡು ದೀಪಗಳಿಗೆ ಆಜ್ಞೆ ಕಳಿಸುವ ಡಿಎಂಎಕ್ಸ್‌ನ ಒಂದು ಚಾನೆಲ್‌ಗೆ 0ರಿಂದ 255ರವರೆಗಿನ ಮೆಟ್ಟಿಲುಗಳಷ್ಟೇ ಇರುವುದರಿಂದ, ಅಗ್ಗದ ದೀಪಗಳಲ್ಲಿ ಕೊನೆಯ ಹತ್ತಾರು ಮೆಟ್ಟಿಲುಗಳಲ್ಲಿ ಬೆಳಕು ಜಿಗಿಜಿಗಿದು ಇಳಿಯುವುದು ಕಣ್ಣಿಗೆ ಕುಕ್ಕುತ್ತದೆ. ಸಾಲದ್ದಕ್ಕೆ, ಮೂರು ಬಣ್ಣ ಬೆರೆಸಿ ಮಾಡಿದ ಬಿಳಿಯಲ್ಲಿ ಸೀರೆಯ ಸೆರಗಿನ ಕೆಂಪು ಅತಿಯಾಗಿ ಎದ್ದು, ನಟಿಯ ಮುಖ ಬೂದಿ ಬಳಿದಂತೆ ಕಾಣುತ್ತಿತ್ತು.

ಮಧ್ಯಾಹ್ನ ಊರಿನ ಶಾಮಿಯಾನದ ಅಂಗಡಿಗೆ ಹೋಗಿ ವಿಚಾರಿಸಿದೆ. ಒಳಕೋಣೆಯಲ್ಲಿ ಧೂಳು ಹಿಡಿದ ಆರು ಹ್ಯಾಲೊಜನ್ ಪಾರ್ 64 ದೀಪಗಳೂ ಒಂದು ಡಿಮ್ಮರ್ ಪ್ಯಾಕ್ ಕೂಡ ಇದ್ದವು. “ಇವನ್ನ ಈಗ ಯಾರೂ ಕೇಳಂಗಿಲ್ರೀ ಸರ, ಕರೆಂಟ್ ಭಾಳ ತಿಂತಾವು” ಎಂದರು ಅಂಗಡಿಯವರು. ಅವರ ಮಾತು ಸರಿಯೇ: ಒಂದೊಂದೂ 1000 ವ್ಯಾಟ್, ಆರೂ ಒಟ್ಟಿಗೆ ಉರಿದರೆ 230 ವೋಲ್ಟ್‌ನಲ್ಲಿ 26 ಆಂಪಿಯರ್. ಜನರೇಟರಿನ ಮೂರು ಫೇಸ್‌ಗಳಿಗೆ ಎರಡೆರಡರಂತೆ ಹಂಚಿದ ಮೇಲೆ ಅದರ ಚಾಲಕನಿಗೂ ಸಮಾಧಾನವಾಯಿತು. ನಾಲ್ಕನ್ನು ಮುಂದಿನ ಎರಡು ಮೂಲೆಗಳಿಂದ ಮುಖಕ್ಕೆ ಬೀಳುವಂತೆ ಸುಮಾರು 45 ಡಿಗ್ರಿ ಎತ್ತರಕ್ಕೆ ಕಟ್ಟಿಸಿದೆ. ಉಳಿದೆರಡನ್ನು ಕಂದೀಲು ಇರುವ ಪಕ್ಕದಿಂದ ತಗ್ಗಿನಲ್ಲಿಟ್ಟೆ. ಎಲ್‌ಇಡಿಗಳಿಗೆ ಹಿಂಬದಿಯ ನೀಲಿ ರಾತ್ರಿಯನ್ನಷ್ಟೇ ಬಿಟ್ಟುಕೊಟ್ಟೆ. ಆ ಕೆಲಸದಲ್ಲಿ ಅವು ಹ್ಯಾಲೊಜನ್‌ಗಿಂತ ಮೇಲು ಎಂಬುದನ್ನು ಒಪ್ಪಲೇಬೇಕು.

ಕೊನೆಯ ದೃಶ್ಯದ ಕ್ಯೂವನ್ನು, ಎಂದರೆ ಬೆಳಕಿನ ಬದಲಾವಣೆಯನ್ನು, ಬೋರ್ಡಿನ ಸಮಯಕ್ಕೆ ಒಪ್ಪಿಸದೆ ಫೇಡರ್ ಎಂಬ ಜಾರುಗುಂಡಿಯನ್ನು ಕೈಯಿಂದಲೇ ಇಳಿಸಿದೆ. ನಟಿ ಅಂದು ಪ್ರತಿ ಮಾತಿನ ನಡುವೆ ತಾಲೀಮಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡರು. ಬೆಳಕೂ ಅವರ ಉಸಿರಿಗೆ ಕಾದು ಇಳಿಯಿತು. ಮುಂದಿನ ಸಾಲುಗಳಲ್ಲಿ ಪಿಸುಮಾತು ನಿಂತಿದ್ದು ಬೋರ್ಡಿನ ಹಿಂದೆ ನಿಂತಿದ್ದ ನನಗೂ ಗೊತ್ತಾಯಿತು.

ನಾಟಕ ಮುಗಿದ ಮೇಲೆ ಸಂಘಟಕರಲ್ಲೊಬ್ಬರು ಬಂದು, “ಕೊನೀಗೆ ಲೈಟ್ ಕೆಟ್ಟಿದ್ವೇನ್ರೀ, ಏನೂ ಕಾಣ್ಲಿಲ್ಲಲ್ಲ?” ಎಂದು ಕೇಳಿದರು. ಕಂದೀಲಿನ ಎಣ್ಣೆ ತೀರಿತ್ತು ಎಂದೆ. ಅವರಿಗೆ ಉತ್ತರ ಹಿಡಿಸಿದಂತೆ ಕಾಣಲಿಲ್ಲ. ಹೆಚ್ಚುವರಿ ಬಾಡಿಗೆಯನ್ನು ಮಾತ್ರ ತಕರಾರಿಲ್ಲದೆ ಕೊಟ್ಟರು. ಡಿಮ್ಮರನ್ನು ಗುಜರಿಗೆ ಹಾಕುವ ಯೋಚನೆಯಲ್ಲಿದ್ದ ಅಂಗಡಿಯವರು, ಮುಂದಿನ ನಾಟಕದ ತಂಡ ಬರುವವರೆಗಾದರೂ ಇಟ್ಟಿರುವುದಾಗಿ ಹೇಳಿ ನನ್ನ ಫೋನ್ ನಂಬರ್ ಬರೆದುಕೊಂಡರು.