ಡೆಸ್ಕ್‌ಟಾಪ್ ಕಾಪಿ ಮಾಡಿದ ಮಾತ್ರಕ್ಕೆ ಮೇಲ್ ಬರುವುದಿಲ್ಲ

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇಲ್ಲದ ಯಂತ್ರಕ್ಕೆ ವಿಂಡೋಸ್ 11 ಅಧಿಕೃತವಾಗಿ ಹತ್ತುವುದಿಲ್ಲ. ಹಾಗಾಗಿ ಮಂಡ್ಯದ ರೈಸ್‌ಮಿಲ್ಲಿನ ಲೆಕ್ಕದ ಕೋಣೆಯಿಂದ ಮೈಸೂರಿನ ಲಗ್ನಪತ್ರಿಕೆ ಮಾಡುವ ಡಿಟಿಪಿ ಅಂಗಡಿಯವರೆಗೆ ಯಂತ್ರ ಬದಲಾಯಿಸುವ ಕೆಲಸ ನಡೆದೇ ಇದೆ. ‘ಡೇಟಾ ಹಾಕಿಕೊಡ್ತೀವಿ’ ಅಂದವರು ಸಾಮಾನ್ಯವಾಗಿ ಹಾಕಿಕೊಡುವುದು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಇಷ್ಟೇ. ಕಣ್ಣಿಗೆ ಬೀಳದ ಫೋಲ್ಡರ್‌ಗಳು ಹಳೇದರಲ್ಲೇ ಉಳಿಯುತ್ತವೆ, ಕೊನೆಗೆ ಹುಡುಕುವುದೂ ಅವನ್ನೇ.

ಮೊದಲು ಮೇಲ್ ಎಲ್ಲಿದೆ ಅಂತ ನೋಡಿ. ಬ್ರೌಸರ್‌ನಲ್ಲಿ ಜಿಮೇಲ್ ತೆರೆದು ಓದುವವರಾದರೆ ಸಾಗಿಸುವುದಕ್ಕೆ ಏನೂ ಇಲ್ಲ, ಲಾಗಿನ್ ಆದರೆ ಮುಗಿಯಿತು. ಔಟ್‌ಲುಕ್ ಅಥವಾ ಥಂಡರ್‌ಬರ್ಡ್‌ನಂಥ ಮೇಲ್ ಪ್ರೋಗ್ರಾಮ್ ಇದ್ದರೆ ಅಕೌಂಟ್ ಸೆಟ್ಟಿಂಗ್ಸ್ ತೆರೆದು ಮೇಲ್ ತರಿಸುವ ವಿಧಾನ ಐಮ್ಯಾಪ್ ಇದೆಯೋ ಪಾಪ್ ಇದೆಯೋ ಗಮನಿಸಿ. ಐಮ್ಯಾಪ್ ಆದರೆ ಮೂಲ ಸರ್ವರ್‌ನಲ್ಲಿರುತ್ತದೆ, ಯಂತ್ರದಲ್ಲಿರುವುದು ನಕಲು. ಆ ನಕಲಾದ ಓಎಸ್‌ಟಿ ಫೈಲನ್ನು ಹೊತ್ತುಕೊಂಡು ಹೋಗಿ ಪ್ರಯೋಜನವಿಲ್ಲ, ಹೊಸ ಯಂತ್ರದಲ್ಲಿ ಅದು ತೆರೆಯುವುದಿಲ್ಲ.

ಪಾಪ್ ಆದರೆ ಹುಷಾರು. ಮೇಲ್ ಇಳಿದ ಮೇಲೆ ಸರ್ವರ್‌ನಿಂದ ಅಳಿಸುವ ಹಾಗೆ ಎಷ್ಟೋ ಕಡೆ ಸೆಟ್ ಆಗಿರುತ್ತದೆ. ಅಂದರೆ ಹತ್ತು ವರ್ಷದ ಪತ್ರವ್ಯವಹಾರ ಇಡೀ ಜಗತ್ತಿನಲ್ಲಿ ಆ ಒಂದು ಹಾರ್ಡ್‌ಡಿಸ್ಕ್‌ನಲ್ಲಿ ಮಾತ್ರ ಇದೆ. ಔಟ್‌ಲುಕ್‌ನಲ್ಲಿ ಅದು ಪಿಎಸ್‌ಟಿ ಫೈಲ್. 2010ರ ಆವೃತ್ತಿಯಿಂದ ಈಚೆಗೆ ಡಾಕ್ಯುಮೆಂಟ್ಸ್ ಒಳಗಿನ ‘ಔಟ್‌ಲುಕ್ ಫೈಲ್ಸ್’ನಲ್ಲಿ ಇರುತ್ತದೆ, ಅದಕ್ಕೂ ಹಳೇದಾದರೆ ಆಪ್‌ಡೇಟಾ, ಲೋಕಲ್, ಮೈಕ್ರೋಸಾಫ್ಟ್, ಔಟ್‌ಲುಕ್ ಅಂತ ಒಳಗೆ ಇಳಿಯಬೇಕು. ಆಪ್‌ಡೇಟಾ ಅಡಗಿಸಿಟ್ಟ ಫೋಲ್ಡರ್. ವ್ಯೂ ಮೆನುವಿನಲ್ಲಿ ‘ಹಿಡನ್ ಐಟಮ್ಸ್’ಗೆ ಟಿಕ್ ಹಾಕಿದರೇನೇ ಕಾಣುವುದು. ಒಂದೇ ಪಿಎಸ್‌ಟಿ ಇದೆ ಅಂದುಕೊಳ್ಳಬೇಡಿ. ಆಟೋ ಆರ್ಕೈವ್ ಚಾಲೂ ಇದ್ದರೆ ‘ಆರ್ಕೈವ್’ ಹೆಸರಿನ ಇನ್ನೊಂದು ಇರುತ್ತದೆ, ಹಳೇ ಮೇಲ್ ಎಲ್ಲ ಅದರಲ್ಲೇ. ಅಕೌಂಟ್ ಸೆಟ್ಟಿಂಗ್ಸ್‌ನ ‘ಡೇಟಾ ಫೈಲ್ಸ್’ ಟ್ಯಾಬ್‌ನಲ್ಲಿ ಯಾವ ಫೈಲ್ ಎಲ್ಲಿದೆ ಅಂತ ಪೂರ್ತಿ ವಿಳಾಸ ಸಿಗುತ್ತದೆ, ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಕಾಪಿ ಮಾಡುವ ಮುಂಚೆ ಔಟ್‌ಲುಕ್ ಮುಚ್ಚಿ. ತೆರೆದಿದ್ದರೆ ‘ಫೈಲ್ ಬಳಕೆಯಲ್ಲಿದೆ’ ಅನ್ನುತ್ತದೆ. ಇನ್ನೊಂದು ಕಾಟ ಪೆನ್‌ಡ್ರೈವ್‌ದು. 64 ಜಿಬಿ ಖಾಲಿ ಇದ್ದರೂ 6 ಜಿಬಿಯ ಪಿಎಸ್‌ಟಿ ‘ತುಂಬಾ ದೊಡ್ಡದು’ ಅಂತ ಹೋಗುವುದಿಲ್ಲ. ಡ್ರೈವ್ ಕೆಟ್ಟಿಲ್ಲ, ಅದು ಫ್ಯಾಟ್32 ಎಂಬ ಹಳೇ ಫೈಲ್ ವ್ಯವಸ್ಥೆಯಲ್ಲಿ ಫಾರ್ಮ್ಯಾಟ್ ಆಗಿದೆ. ಅದರಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ಫಾರ್ಮ್ಯಾಟ್ ಮಾಡಿದರೆ ಅದರಲ್ಲಿದ್ದದ್ದು ಹೋಗುತ್ತದೆ ಅಂತ ಬೇರೆ ಹೇಳಬೇಕಿಲ್ಲ.

ಹೊಸದರಲ್ಲಿ ಕ್ರಮ ಮುಖ್ಯ. ಮೊದಲು ಪಿಎಸ್‌ಟಿ ಇಟ್ಟು, ಆಮೇಲೆ ಕಂಟ್ರೋಲ್ ಪ್ಯಾನೆಲ್‌ನ ‘ಮೇಲ್’ ಮೂಲಕ ಅಕೌಂಟ್ ಸೇರಿಸಿ. ಹೊಸ ಮೇಲ್ ಎಲ್ಲಿ ಬೀಳಬೇಕು ಅಂತ ಕೇಳಿದಾಗ ‘ಈಗಾಗಲೇ ಇರುವ ಡೇಟಾ ಫೈಲ್’ ಆಯ್ಕೆ ಮಾಡಿ. ಪಿಎಸ್‌ಟಿಯನ್ನು ಪೆನ್‌ಡ್ರೈವ್‌ನಲ್ಲೇ ಇಟ್ಟು ಅಲ್ಲಿಂದ ತೆರೆಯಬೇಡಿ, ಡ್ರೈವ್ ಕಿತ್ತರೆ ಫೈಲ್ ಹಾಳು. ವಿಂಡೋಸ್ 11ರ ಜೊತೆ ಬರುವ ಹೊಸ ಔಟ್‌ಲುಕ್ ಈ ಕೆಲಸಕ್ಕೆ ಬೇಡ, ಕ್ಲಾಸಿಕ್ ಔಟ್‌ಲುಕ್ಕೇ ಆಗಬೇಕು. ಮೊದಲ ದಿನ ಹುಡುಕಿದರೆ ಹಳೇ ಮೇಲ್ ಸಿಗದೇ ಇರಬಹುದು. ಗಾಬರಿ ಬೇಡ, ಹುಡುಕಾಟಕ್ಕೆ ಬೇಕಾದ ಪಟ್ಟಿ, ಅಂದರೆ ಇಂಡೆಕ್ಸ್, ಇನ್ನೂ ತಯಾರಾಗುತ್ತಿರುತ್ತದೆ.

ಥಂಡರ್‌ಬರ್ಡ್ ವಾಸಿ. ಹೆಲ್ಪ್ ಮೆನುವಿನ ಟ್ರಬಲ್‌ಶೂಟಿಂಗ್ ಪುಟದಲ್ಲಿ ‘ಓಪನ್ ಫೋಲ್ಡರ್’ ಒತ್ತಿದರೆ ಪ್ರೊಫೈಲ್ ಫೋಲ್ಡರ್ ತೆರೆಯುತ್ತದೆ. ಪ್ರೋಗ್ರಾಮ್ ಮುಚ್ಚಿ ಅದನ್ನಿಡೀ ಎತ್ತಿಕೊಂಡು ಹೋದರೆ ಮೇಲ್, ವಿಳಾಸ, ಸೆಟ್ಟಿಂಗ್ ಎಲ್ಲ ಬರುತ್ತದೆ. ಕ್ರೋಮ್‌ನಲ್ಲಿ ಈ ಉಪಾಯ ನಡೆಯುವುದಿಲ್ಲ. ಫೋಲ್ಡರ್ ಕಾಪಿ ಮಾಡಿದರೂ ಪಾಸ್‌ವರ್ಡ್ ಬರುವುದಿಲ್ಲ, ಅವು ಹಳೇ ವಿಂಡೋಸ್ ಯೂಸರ್‌ಗೇ ಬೀಗ ಹಾಕಿಕೊಂಡಿರುತ್ತವೆ. ಗೂಗಲ್ ಅಕೌಂಟ್‌ನಲ್ಲಿ ಸಿಂಕ್ ಮಾಡಿ, ಇಲ್ಲವೇ ಸಿಎಸ್‌ವಿಗೆ ಎಕ್ಸ್‌ಪೋರ್ಟ್ ಮಾಡಿ. ಆ ಸಿಎಸ್‌ವಿ ಯಾರು ಬೇಕಾದರೂ ಓದಬಹುದಾದ ಬರೀ ಅಕ್ಷರ, ಇಂಪೋರ್ಟ್ ಆದ ತಕ್ಷಣ ಅಳಿಸಿ ರಿಸೈಕಲ್ ಬಿನ್ ಕೂಡ ಖಾಲಿ ಮಾಡಿ.

ನಮ್ಮ ಕಡೆ ಮಾತ್ರ ಕಾಡುವ ತೊಂದರೆ ಕನ್ನಡ ಟೈಪಿಂಗ್ ತಂತ್ರಾಂಶಗಳಾದ ‘ನುಡಿ’, ‘ಬರಹ’ಗಳದು. ಹಳೇ ನುಡಿಯಲ್ಲಿ ಟೈಪ್ ಮಾಡಿದ ಅರ್ಜಿ, ಕರಾರು ಪತ್ರ, ಲಗ್ನಪತ್ರಿಕೆ ಹೊಸ ಯಂತ್ರದಲ್ಲಿ ತೆರೆದರೆ ತಲೆ ಮೇಲೆ ಗೆರೆ, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ ಕಾಣುತ್ತದೆ. ಫೈಲ್ ಕೆಟ್ಟಿತು ಅಂತ ಅಳಿಸಿದವರೂ ಉಂಟು. ಕೆಟ್ಟಿಲ್ಲ. ಆಗಿನ ಕನ್ನಡ, ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಚಿತ್ರ ಕೂರಿಸಿದ ಫಾಂಟ್ ಅಷ್ಟೇ. ಫಾಂಟ್ ಇಲ್ಲದಿದ್ದರೆ ವೇಷ ಕಳಚುತ್ತದೆ. ಹಳೇ ಯಂತ್ರದ ವಿಂಡೋಸ್ ಒಳಗಿನ ‘ಫಾಂಟ್ಸ್’ ಫೋಲ್ಡರ್‌ನಿಂದ ನುಡಿ, ಬಿಆರ್‌ಎಚ್ ಎಂದು ಶುರುವಾಗುವ ಫಾಂಟ್‌ಗಳನ್ನು ಒಂದೂ ಬಿಡದೆ ತೆಗೆದುಕೊಂಡು ಹೊಸದರಲ್ಲಿ ಇನ್‌ಸ್ಟಾಲ್ ಮಾಡಿ. ಮುಂದೆಯೂ ಬೇಕಾಗುವ ಕಾಗದಗಳನ್ನು ಕನ್ವರ್ಟರ್‌ನಲ್ಲಿ ಯೂನಿಕೋಡ್‌ಗೆ ತಿರುಗಿಸಿಟ್ಟುಕೊಳ್ಳುವುದು ಒಳ್ಳೆಯದು. ಅರ್ಕಾವತ್ತು, ಒತ್ತಕ್ಷರ, ಅಂಕಿ ಈ ಮೂರನ್ನು ಕಣ್ಣಿಟ್ಟು ನೋಡಿ, ತಪ್ಪುವುದು ಹೆಚ್ಚಾಗಿ ಅಲ್ಲೇ.

ಲೆಕ್ಕಪತ್ರಕ್ಕೆ ಟ್ಯಾಲಿ ತಂತ್ರಾಂಶ ಇರುವವರು ಡೇಟಾ ಫೋಲ್ಡರ್ ಕಾಪಿ ಮಾಡಿದರೆ ಅರ್ಧ ಕೆಲಸ. ಹಳೇ ಯಂತ್ರದಲ್ಲಿ ಲೈಸೆನ್ಸ್ ಸರೆಂಡರ್ ಮಾಡಿ, ಆಮೇಲೆ ಹೊಸದರಲ್ಲಿ ಆಕ್ಟಿವೇಟ್ ಮಾಡಿ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್‌ಗೆ ಡ್ರೈವರ್ ಹಾಕಿದರೆ ಸಾಕು, ಸಹಿ ಟೋಕನ್ ಒಳಗೇ ಇದೆ.

ಹಳೇ ಯಂತ್ರ ಆನ್ ಆಗುವುದೇ ಇಲ್ಲ ಅಂದರೆ ಡಿಸ್ಕ್ ಬಿಚ್ಚಿ ಸಾಟಾ-ಯುಎಸ್‌ಬಿ ಕೇಬಲ್‌ನಿಂದ ಹೊಸ ಯಂತ್ರಕ್ಕೆ ಜೋಡಿಸಿ. ಲ್ಯಾಪ್‌ಟಾಪ್‌ನ ಎರಡೂವರೆ ಇಂಚಿನದು ಯುಎಸ್‌ಬಿ ಕರೆಂಟಿನಲ್ಲೇ ತಿರುಗುತ್ತದೆ, ಡೆಸ್ಕ್‌ಟಾಪ್‌ನ ಮೂರೂವರೆ ಇಂಚಿನದಕ್ಕೆ ಬೇರೆ 12 ವೋಲ್ಟ್ ಅಡಾಪ್ಟರ್ ಬೇಕು. ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಯಂತ್ರ ಬಳಸುತ್ತಿದ್ದರೆ ಆ ಅಕೌಂಟ್‌ನಲ್ಲೇ ಹುಡುಕಿ. ಯುಎಸ್‌ಬಿ 2.0ದಲ್ಲಿ ಸೆಕೆಂಡಿಗೆ 30 ಎಂಬಿ ಆಸುಪಾಸು, 100 ಜಿಬಿಗೆ ಒಂದು ಗಂಟೆ ಹಿಡಿಯಿರಿ. ಫೋಟೋಗಳಂಥ ಸಣ್ಣ ಫೈಲ್ ಸಾವಿರಗಟ್ಟಲೆ ಇದ್ದರೆ ಇನ್ನೂ ಹೆಚ್ಚು. ಕರೆಂಟ್ ಹೋಗುವ ಹೊತ್ತು ನೋಡಿಕೊಂಡು, ಯುಪಿಎಸ್ ಹಾಕಿ ಶುರು ಮಾಡಿ. ‘ಕಟ್’ ಮಾಡಿ ಪೇಸ್ಟ್ ಮಾಡಬೇಡಿ, ಕಾಪಿ ಮಾತ್ರ.

ಆಯುಧಪೂಜೆಗೆ ಹೊಸದು ಬಂತು ಅಂತ ಮಾರನೇ ದಿನವೇ ಹಳೇದನ್ನು ಗುಜರಿಗೆ ಹಾಕಬೇಡಿ. ಒಂದು ಜಿಎಸ್‌ಟಿ ರಿಟರ್ನ್ ಹೊಸದರಲ್ಲಿ ಸಲ್ಲಿಸಿ, ಐದಾರು ವರ್ಷ ಹಿಂದಿನ ಒಂದು ಮೇಲ್‌ನ ಅಟ್ಯಾಚ್‌ಮೆಂಟ್ ತೆರೆದು, ಒಂದು ನುಡಿ ಕಾಗದ ಪ್ರಿಂಟ್ ತೆಗೆದು ನೋಡಿ. ಮೂರೂ ಸರಿ ಬಂದ ಮೇಲೆ ಹಳೇ ಯಂತ್ರದಲ್ಲಿ ‘ರೀಸೆಟ್ ದಿಸ್ ಪಿಸಿ’ಗೆ ಹೋಗಿ ‘ರಿಮೂವ್ ಎವೆರಿಥಿಂಗ್’ ಒತ್ತಿ, ‘ಚೇಂಜ್ ಸೆಟ್ಟಿಂಗ್ಸ್’ನಲ್ಲಿ ‘ಕ್ಲೀನ್ ಡೇಟಾ’ ಆನ್ ಮಾಡಿ. ಹಾರ್ಡ್‌ಡಿಸ್ಕ್ ಆದರೆ ಗಂಟೆಗಟ್ಟಲೆ ಹಿಡಿಯುತ್ತದೆ, ರಾತ್ರಿ ಬಿಟ್ಟು ಮಲಗಿ.