ಸುಭಾಸ ರಸ್ತೆಯ ಅಟ್ಟದಿಂದ ಸಾಧನಕೇರಿಯವರೆಗೆ

ಧಾರವಾಡದಲ್ಲಿ ಕವಿಗಳ, ಗಾಯಕರ ಜಾಗಗಳನ್ನು ಹುಡುಕಿಕೊಂಡು ಬಂದವರಿಗೆ ಎದುರಾಗುವ ಮೊದಲ ತೊಡಕೆಂದರೆ ಅವು ಪ್ರೇಕ್ಷಣೀಯ ಸ್ಥಳಗಳ ಹಾಗೆ ಕಾಣುವುದೇ ಇಲ್ಲ. ಒಂದು ಅಟ್ಟ, ಒಂದು ಕೆರೆ, ಒಂದು ಸಂಘದ ಕಟ್ಟಡ, ಓಣಿಯೊಳಗಿನ ಕೆಲವು ಮನೆಗಳು. ಪಟ್ಟಿ ಹಿಡಿದು ಆಟೊದಲ್ಲಿ ಓಡಾಡಿದರೆ ಮಧ್ಯಾಹ್ನದೊಳಗೆ ಎಲ್ಲ ಮುಗಿಯುತ್ತದೆ, ಮನಸ್ಸಿಗೆ ಮಾತ್ರ ಏನೂ ದಕ್ಕಿರುವುದಿಲ್ಲ. ಊರಿಗೇ ಒಂದು ಪೂರ್ತಿ ದಿನ ಇಟ್ಟುಕೊಳ್ಳಿ. ಗಾಯಕ ಸವಾಯಿ ಗಂಧರ್ವರ ಊರಾದ ಕುಂದಗೋಳ ಸೇರಿಸುವುದಾದರೆ ಎರಡು ದಿನ ಬೇಕು.

ಹುಬ್ಬಳ್ಳಿಯಲ್ಲಿ ರೈಲಿಳಿದವರಿಗೆ ಎರಡೂ ಊರುಗಳ ನಡುವಿನ ಬಿಆರ್‌ಟಿಎಸ್ ಬಸ್ಸು, ಅಂದರೆ ಚಿಗರಿಯೇ ಸಲೀಸು. ಸುಮಾರು 20 ಕಿ.ಮೀ. ದಾರಿ, ಬಹುಪಾಲು ಅದರದೇ ಪ್ರತ್ಯೇಕ ಪಥ. ನಿಲ್ದಾಣಗಳು ರಸ್ತೆಯ ನಡುವೆ ಇವೆ, ಟಿಕೆಟ್ ಹತ್ತುವ ಮೊದಲೇ ತೆಗೆಸಬೇಕು. ಜ್ಯುಬಿಲಿ ಸರ್ಕಲ್‌ನಲ್ಲಿ ಇಳಿದರೆ ಪೇಟೆ ಭಾಗವನ್ನೆಲ್ಲ ನಡೆದೇ ನೋಡಬಹುದು.

ಮೊದಲು ಸುಭಾಸ ರಸ್ತೆಯ ಲಕ್ಷ್ಮೀ ಭವನ. ಜಿ.ಬಿ. ಜೋಶಿಯವರು 1933ರಲ್ಲಿ ಹುಟ್ಟುಹಾಕಿದ ಮನೋಹರ ಗ್ರಂಥಮಾಲೆ ಇರುವುದು ಇಲ್ಲಿ. ಓದುವ ಜನರೆಲ್ಲ ಇದನ್ನು ಬರೀ ‘ಅಟ್ಟ’ ಅನ್ನುತ್ತಾರೆ. ಕೀರ್ತಿನಾಥ ಕುರ್ತಕೋಟಿಯವರಂಥ ವಿಮರ್ಶಕರು ಕೂತು ಹಸ್ತಪ್ರತಿಗಳ ಬಗ್ಗೆ ವಾದ ಮಾಡುತ್ತಿದ್ದ ಜಾಗ. ಗಿರೀಶ ಕಾರ್ನಾಡರ ಮೊದಲ ನಾಟಕ ‘ಯಯಾತಿ’ 1961ರಲ್ಲಿ ಹೊರಬಂದದ್ದು ಇಲ್ಲಿಂದಲೇ. ಆಗ ಅವರಿನ್ನೂ ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದ ಹುಡುಗ. ಹೆಸರಿಲ್ಲದ ತರುಣನ ನಾಟಕವನ್ನು ಅಚ್ಚು ಹಾಕುವ ಧೈರ್ಯ ಬೆಂಗಳೂರಿನಿಂದ ಬರಲಿಲ್ಲ, ಈ ಅಟ್ಟದಿಂದ ಬಂತು ಎಂಬುದನ್ನು ನೆನಪಿಟ್ಟುಕೊಂಡೇ ಹತ್ತಬೇಕು. ಇದು ಸ್ಮಾರಕವಲ್ಲ, ಇಂದಿಗೂ ಕೆಲಸ ನಡೆಯುವ ಪ್ರಕಾಶನದ ಕಚೇರಿ. ಆದ್ದರಿಂದ ಭಾನುವಾರವಾಗಲಿ ಊಟದ ಹೊತ್ತಿನಲ್ಲಾಗಲಿ ಹೋಗಬೇಡಿ, ಫೋಟೊ ತೆಗೆಯುವ ಮೊದಲು ಕೇಳಿ, ಒಂದಾದರೂ ಪುಸ್ತಕ ಕೊಳ್ಳಿ.

ಅಲ್ಲಿಂದ ಕರ್ನಾಟಕ ವಿದ್ಯಾವರ್ಧಕ ಸಂಘ. ಮುಂಬಯಿ ಪ್ರಾಂತ್ಯದ ಈ ಭಾಗದಲ್ಲಿ ಮರಾಠಿಯ ಭಾರಕ್ಕೆ ಕನ್ನಡ ಕುಗ್ಗಿಹೋಗಿದ್ದ ಕಾಲದಲ್ಲಿ, 1890ರ ಜುಲೈ 20ರಂದು ರಾ.ಹ. ದೇಶಪಾಂಡೆಯವರ ಮುಂದಾಳ್ತನದಲ್ಲಿ ಹುಟ್ಟಿದ ಸಂಸ್ಥೆ. ಕಟ್ಟಡ ನೋಡುವುದಕ್ಕಿಂತ ಸಂಜೆ ಏನು ಕಾರ್ಯಕ್ರಮವಿದೆ ಎಂದು ವಿಚಾರಿಸುವುದು ಮುಖ್ಯ. ಉಪನ್ಯಾಸವೋ ಪುಸ್ತಕ ಬಿಡುಗಡೆಯೋ ಇದ್ದರೆ ಹಿಂದಿನ ಸಾಲಿನಲ್ಲಿ ಕೂತುಬಿಡಿ.

ಸಾಧನಕೇರಿಗೆ ಆಟೊ ಬೇಕು. ‘ಮ್ಯೂಸಿಯಂ’ ಅಂದರೆ ಚಾಲಕರು ತಲೆ ಕೆರೆದುಕೊಳ್ಳಬಹುದು; ‘ಸಾಧನಕೇರಿ, ಬೇಂದ್ರೆ ಅಜ್ಜಾರ ಮನಿ’ ಅನ್ನಿ, ಮರುಮಾತಿಲ್ಲದೆ ಕರೆದೊಯ್ಯುತ್ತಾರೆ. ಬೇಂದ್ರೆಯವರ ಮನೆ ‘ಶ್ರೀಮಾತಾ’ ಮತ್ತು ಸ್ಮಾರಕವಾದ ಬೇಂದ್ರೆ ಭವನ ಅಕ್ಕಪಕ್ಕದಲ್ಲಿವೆ, ಆದರೆ ಬೇರೆಬೇರೆ. ಅನೇಕರು ನೇರ ಮನೆಯ ಬಾಗಿಲು ಬಡಿಯುತ್ತಾರೆ. ಮೊದಲು ಭವನಕ್ಕೆ ಹೋಗಿ, ಮನೆಯ ವಿಷಯ ಅಲ್ಲಿಯವರನ್ನೇ ಕೇಳುವುದು ಸರಿಯಾದ ಕ್ರಮ.

ಹತ್ತಿರದಲ್ಲೇ ಕೆರೆ. ‘ಬಾರೋ ಸಾಧನಕೇರಿಗೆ’ ಎಂದು ಕವಿ ಕರೆದದ್ದು ಇಲ್ಲಿಗೇ. ಬೇಸಿಗೆಯ ಮಧ್ಯಾಹ್ನ ಬಂದವರು ‘ಇಷ್ಟೇನಾ’ ಎಂದು ಮರಳುತ್ತಾರೆ, ಅದು ಕೆರೆಯ ತಪ್ಪಲ್ಲ. ಧಾರವಾಡ ಮಲೆನಾಡಿನ ಸೆರಗು. ಶ್ರಾವಣದ ಜಿಟಿಜಿಟಿ ಮಳೆ ಹಿಡಿದಾಗ ಗುಡ್ಡ, ಗಿಡ, ನೀರು ಎಲ್ಲ ಒಂದೇ ಹಸಿರಾಗಿ, ಬೇಂದ್ರೆಯವರ ಶ್ರಾವಣದ ಪದ್ಯಗಳು ಕಣ್ಣಿಗೇ ಕಾಣುತ್ತವೆ. ಜುಲೈ ಕೊನೆಯಿಂದ ಸೆಪ್ಟೆಂಬರ್ ನಡುವೆ ಛತ್ರಿ ಹಿಡಿದು ಬನ್ನಿ. ದಂಡೆಯಲ್ಲಿ ಕೂತು ಒಂದು ಪದ್ಯವನ್ನು ಗಟ್ಟಿಯಾಗಿ ಓದಿ. ಧಾರವಾಡದವರೊಬ್ಬರು ಓದಿಕೊಟ್ಟರೆ ಇನ್ನೂ ಒಳ್ಳೆಯದು, ಆ ಲಯ ಇಲ್ಲಿಯ ಆಡುಮಾತಿನಲ್ಲೇ ಇದೆ. ಬೇಂದ್ರೆಯವರಿಗೆ ಜ್ಞಾನಪೀಠ ಬಂದದ್ದು 1973ರಲ್ಲಿ. ಆದರೆ ಅದಕ್ಕೂ ಎಷ್ಟೋ ಮೊದಲು ‘ನರಬಲಿ’ ಎಂಬ ಪದ್ಯಕ್ಕಾಗಿ ಬ್ರಿಟಿಷರು ಅವರನ್ನು ಬೆಳಗಾವಿಯ ಹಿಂಡಲಗಾ ಜೈಲಿಗೆ ಹಾಕಿ, ಆಮೇಲೆ ಧಾರವಾಡದ ಹತ್ತಿರದ ಮುಗದದಲ್ಲಿ ನಜರಬಂದಿಯಾಗಿ ಇಟ್ಟಿದ್ದರು. ಆ ಹಳ್ಳಿಯ ಕೆರೆಯೂ ನೋಡುವಂಥದ್ದು.

ಹಿಂದುಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರ ಮನೆ, ಈಗ ಸ್ಮಾರಕವಾಗಿರುವ ‘ಮೃತ್ಯುಂಜಯ’ಕ್ಕೆ ಹೋಗುವ ಮುಂಚೆ ಒಂದರ್ಧ ಗಂಟೆ ಅವರ ಧ್ವನಿಮುದ್ರಿಕೆ ಕೇಳಿರಲೇಬೇಕು, ಶಿವಮತ ಭೈರವ ರಾಗವಾದರೆ ಉತ್ತಮ, ಅಥವಾ ಒಂದೆರಡು ವಚನ. ತಾನ ಎಲ್ಲಿ ಮುಗಿಯಿತು, ಉಸಿರು ಎಲ್ಲಿ ತೆಗೆದರು ಎಂದು ಗೊತ್ತೇ ಆಗದ ಆ ಹಾಡಿಕೆ ಕಿವಿಯಲ್ಲಿದ್ದರೆ ಮಾತ್ರ ಗೋಡೆಯ ಮೇಲಿನ ಫೋಟೊಗಳು ಮಾತಾಡುತ್ತವೆ. ಮನ್ಸೂರರು ಕಲಿತದ್ದು ಮೊದಲು ಅಪ್ಪಯ್ಯಸ್ವಾಮಿಗಳಲ್ಲಿ ಕರ್ನಾಟಕ ಸಂಗೀತ, ಮಿರಜಿನಲ್ಲಿ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿ, ಕೊನೆಗೆ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್ ಮತ್ತು ಭೂರ್ಜಿ ಖಾನರಲ್ಲಿ ಜೈಪುರ ಅತ್ರೌಲಿ ಘರಾಣೆಯ ಗಾಯನ. ಇಂಥ ಸಣ್ಣ ಸ್ಮಾರಕಗಳಿಗೆ ಬೀಗ ಬಿದ್ದಿರುವುದೂ ಉಂಟು, ಹಿಂದಿನ ದಿನವೇ ಟ್ರಸ್ಟಿನವರಿಗೆ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಿ. ಗಂಗೂಬಾಯಿ ಹಾನಗಲ್ಲರು ಹುಟ್ಟಿದ ಶುಕ್ರವಾರಪೇಟೆಯ ಮನೆಗೂ ಇದೇ ಮಾತು ಅನ್ವಯಿಸುತ್ತದೆ. ಅವರು ಬಾಳಿದ ‘ಗಂಗಾಲಹರಿ’ ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿದೆ. ಅದನ್ನು ವಾಪಸ್ ಹೋಗುವ ದಾರಿಗೆ ಇಟ್ಟುಕೊಳ್ಳಿ.

ಎರಡನೆಯ ದಿನ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲೇ ಹೋಗಿ, ಸುಮಾರು 20 ಕಿ.ಮೀ. ಸವಾಯಿ ಗಂಧರ್ವರಲ್ಲಿ ಕಲಿಯಲು ಗಂಗೂಬಾಯಿಯವರು ಓಡಾಡುತ್ತಿದ್ದದ್ದೂ ಹೀಗೆ ರೈಲಿನಲ್ಲೇ. ಭೀಮಸೇನ ಜೋಶಿ ಶಿಷ್ಯರಾಗಿ ಉಳಿದದ್ದೂ ಈ ಊರಲ್ಲೇ. ಗುರುಗಳ ನೆನಪಿನ ಸಂಗೀತೋತ್ಸವ ನಡೆಯುವ ನಾಡಗೀರ ವಾಡೆ ಒಂದು ಮನೆತನದ್ದು, ಕೇಳಿಕೊಂಡೇ ಒಳಗೆ ಹೋಗಬೇಕು.

ದಿನ ಆರಿಸಿಕೊಳ್ಳುವ ಅನುಕೂಲವಿದ್ದವರು ಜನವರಿ 31ಕ್ಕೆ, ಬೇಂದ್ರೆ ಜಯಂತಿಗೆ ಬರಲಿ. ಇಲ್ಲವೇ ಮನ್ಸೂರರ ಪುಣ್ಯತಿಥಿ ಸೆಪ್ಟೆಂಬರ್ 12ರ ಆಸುಪಾಸಿಗೆ. ಅವರ ನೆನಪಿನ ಸಂಗೀತೋತ್ಸವವಾದ ಮನ್ಸೂರ್ ಸಮಾರೋಹದ ಸಂಜೆ ಉಳಿಯಲು ಕೋಣೆಯನ್ನು ಧಾರವಾಡದಲ್ಲೇ ಮಾಡಿ. ಹುಬ್ಬಳ್ಳಿಯಲ್ಲಿ ಮಾಡಿದರೆ ಬಸ್ಸಿನ ಚಿಂತೆ ಹತ್ತಿ, ಕೊನೆಯ ಗಾಯಕರು ಮುಕ್ತಾಯದ ಭೈರವಿ ಎತ್ತಿಕೊಳ್ಳುವ ಹೊತ್ತಿಗೆ ಚಪ್ಪಲಿ ಹುಡುಕುತ್ತಾ ಏಳಬೇಕಾಗುತ್ತದೆ.